ನಿಂತಿತೇ

ಕೀಲಿ ತಿರುಗಿಸಿದರೆ ಮೊದಲು ಮಾತಾಡುವುದು ಪಂಪು.
ಟಿಕ್ ಟಿಕ್ ಟಿಕ್, ಏಳೆಂಟು ಸಲ,
ಆಮೇಲೆ ಬಾಯಿ ಮುಚ್ಚಬೇಕು.
ನನ್ನ ಮಾರಿಸ್ಸಿನದು ಮುಚ್ಚುವುದಿಲ್ಲ.
ಪೆನ್ಷನ್ ಮೊಹಲ್ಲಾದ ತಿರುವಿನಿಂದ ಹಿಡಿದು
ಸಬ್ ರಿಜಿಸ್ಟ್ರಾರ್ ಕಚೇರಿಯ ಬೇವಿನ ಮರದವರೆಗೆ
ಟಿಕ್ಕೆನ್ನುತ್ತ, ಹಿಂದೆ
ಪೆಟ್ರೋಲಿನ ಚುಕ್ಕಿ ಇಡುತ್ತ ಬರುತ್ತದೆ.
ಸಾಕ್ಷಿಗೆ ಬಂದವರು ಬೀಡಿ ಹಚ್ಚದೆ ದೂರ ಸರಿಯುತ್ತಾರೆ.

ಪತ್ರ ಬರೆಯುವವನಿಗೆ ಕಾರೇಕೆ ಅಂದರೆ,
ಫ್ಲಾವಿಯಾ ಮೇಡಂ ಮೂರು ಸಲ ಉಯಿಲು ತಿದ್ದಿಸಿ
ಫೀಸಿಗೆ ಬದಲು ಬೀಗದ ಕೈ ಕೊಟ್ಟರು.
“ಐವತ್ತಾರರದು. ದಿನಾ ಮಾತಾಡಿಸಬೇಕು, ಇಲ್ಲದಿದ್ದರೆ ಮುನಿಸು.”
ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ
ಪಡೆದುಕೊಂಡೆ.

ಇನಾಯತ್ ಸಾಬರ ಶೆಡ್ಡು ಆಲೂಗಡ್ಡೆ ಮಂಡಿಯ ಹಿಂದೆ.
ಹಸಿ ಮಣ್ಣಿನ ವಾಸನೆ, ಚೀಲದಲ್ಲೆಲ್ಲೋ ಕೊಳೆತದ್ದರ ವಾಸನೆ,
ಅದರ ಮೇಲೆ ಸೀಮೆಎಣ್ಣೆ.
ನಲವತ್ತು ವರ್ಷ ಲಾರಿ ಎಂಜಿನ್ನಿನೊಳಗೆ ತಲೆ ಇಟ್ಟು
ಎರಡೂ ಕಿವಿ ಅಲ್ಲೇ ಬಿಟ್ಟು ಬಂದವರು.
ಏನು ತೊಂದರೆ ಎಂದು ಕೇಳಲಿಲ್ಲ. ಹೇಳಿದರೂ ಕೇಳದು.
ಬಾನೆಟ್ ಎತ್ತಿದರು, ಮೂಸಿದರು,
ಬಟ್ಟಲಿನ ಮುಚ್ಚಳದ ಒಂಟಿ ಬೋಲ್ಟು ಬಿಚ್ಚಿ
ಹಿತ್ತಾಳೆಯ ಫ್ಲೋಟನ್ನು ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿದರು.
ಎಳನೀರಿನ ಸದ್ದು.

ತುಂಬಿದ ಕೊಡ ತುಳುಕುವುದಿಲ್ಲ ಎಂಬುದನ್ನು
ಎಷ್ಟು ಜನರ ತಲೆಗೆ ಹೇರಿದ್ದೆನೋ ನಾನು.
ಇದು ಖಾಲಿಯಾಗಿಯೇ ಇರಬೇಕಾದ ಕೊಡ.
ಹೊಟ್ಟೆಗೆ ಒಂದು ಗುಟುಕು ಸೇರಿದ್ದಕ್ಕೆ
ತೇಲುವುದು ಮರೆತು ಕೂತಿದೆ.
ಅದು ಏಳದೆ ಸೂಜಿ ಏಳದು,
ಸೂಜಿ ಏಳದೆ ಬಾಗಿಲು ಮುಚ್ಚದು.
ಪೆಟ್ರೋಲಿಗೆ ಚಕ್ಕುಬಂದಿಯೇ ಇಲ್ಲ:
ಪೂರ್ವಕ್ಕೆ ಮಡ್‌ಗಾರ್ಡು, ಪಶ್ಚಿಮಕ್ಕೆ ರಸ್ತೆ,
ಉತ್ತರಕ್ಕೂ ದಕ್ಷಿಣಕ್ಕೂ ನನ್ನ ಜೇಬು.

ಎದುರಿನ ಹೋಟೆಲಿನಿಂದ ಲೋಟದಲ್ಲಿ ಕುದಿನೀರು ಬಂತು.
ಇಕ್ಕಳದಲ್ಲಿ ಹಿಡಿದು ಮುಳುಗಿಸಿದರು. ಬೆಸುಗೆಯ ಅಂಚಿನಿಂದ
ಸಾಸಿವೆಗಿಂತ ಸಣ್ಣ ಗುಳ್ಳೆ,
ತುಸು ತಡೆದು ಇನ್ನೊಂದು.
ಅಲ್ಲಿ ಮೊಳೆಯಿಂದ ಗೀರಿ ಗುರುತು.
ಒಳಗಿದ್ದದ್ದು ಹೊರಗೆ ಬರಲು ಇನ್ನೊಂದು ತೂತು ಕೊರೆದರು.
ಒಂದು ತೂತು ಮುಚ್ಚಲು ಮತ್ತೊಂದು ತೂತು,
ಇದು ನನಗೆ ಗೊತ್ತಿರುವ ಕಸುಬು: ತಿದ್ದುಪಡಿ ಪತ್ರ.
ಆಮೇಲೆ ಬಿಸಿಲ ಕಲ್ಲಿನ ಮೇಲೆ ಅದು, ನೆರಳಲ್ಲಿ ನಾವು, ಚಹಾ.
ಪೂರ್ತಿ ಆರದೆ ಬೆಂಕಿ ತೋರಿಸಿದರೆ ಏನಾಗುತ್ತದೆ
ಎಂಬುದನ್ನು ಐದೂ ಬೆರಳು ಬಿಡಿಸಿ ಹೇಳಿದರು.

ಸೂಜಿಯ ಕೊರಳಲ್ಲಿ ಸವೆತದ ಉಂಗುರ.
ಹಾರ್ಲಿಕ್ಸ್ ಬಾಟಲಿಯಿಂದ ಇನ್ನೊಂದು ಹುಡುಕಿ ಕೂಡಿಸಿ,
ಮುಚ್ಚಳ ತಲೆಕೆಳಗು ಮಾಡಿ ಬಾಯಿಂದ ಊದಿದರು.
ಕೆನ್ನೆ ಉಬ್ಬಿತು, ಗಾಳಿ ದಾಟಲಿಲ್ಲ.
ಕವಲಿನ ಎತ್ತರ ಅಳೆಯಲು ಹಳೆಯ ಡ್ರಿಲ್ ಬಿಟ್ಟು,
ಒಂದು ಕೂದಲೆಳೆ ಬಗ್ಗಿಸಿ, ಮತ್ತೆ ಅರ್ಧ ಕೂದಲೆಳೆ ಎತ್ತಿ.

ಕೀಲಿ ತಿರುಗಿಸು ಎಂದು ಸನ್ನೆ.
ಟಿಕ್ ಟಿಕ್ ಟಿಕ್ ಟಿಕ್
ಟಿಕ್

ಒಮ್ಮೆಲೇ ಮಂಡಿಯ ಹಮಾಲರ ಜಗಳ ಕೇಳಿಸಿತು,
ಬಿ.ಎಂ. ರಸ್ತೆಯ ಬಸ್ಸು,
ನನ್ನದೇ ಉಸಿರು.

“ನಿಂತ್ಹೋಯ್ತಾ?” ಎಂದು ಕೂಗಿದರು,
ತಮಗೆ ಕೇಳದವರು ಊರಿಗೆಲ್ಲ ಕೇಳಿಸುವ ಹಾಗೆ.
ತಲೆಯಾಡಿಸಿದೆ. ಜೇಬಿಗೆ ಕೈ ಹಾಕಿದೆ.
ಅವರು ಕದಲಲಿಲ್ಲ. ಹೆಬ್ಬೆರಳು ಪಂಪಿನ ಮೈಮೇಲೆ,
ಪತ್ರಕ್ಕೆ ಒತ್ತಿದವರು ತೆಗೆಯಲು ಮರೆತ ಹಾಗೆ.
ಒಂದು ನಿಮಿಷ. ಮೇಲೆ ಅರ್ಧ.

ಟಿಕ್.

ಒಂದೇ ಒಂದು. ನನಗೆ ಕೇಳಿಸಿತು.
ಕೇಳದವನ ಮುಖ ಮಾಡಿದೆ. ಸಂಜೆಯಾಗಿತ್ತು,
ಬೆಳಿಗ್ಗೆಗೆ ಎರಡು ಕ್ರಯಪತ್ರ ಬಾಕಿ ಇದ್ದವು.
ಓದಿಸಿ ಕೇಳಿ, ಸರಿ ಇದೆ ಎಂದು ಒಪ್ಪಿ
ಎಂದು ಎಷ್ಟು ಸಾವಿರ ಸಲ ಬರೆದಿದ್ದೇನೆ,
ಕೇಳಿದರೋ ಇಲ್ಲವೋ ತಲೆ ಎತ್ತಿ ನೋಡದೆ.

“ಒಂದು,” ಅಂದರು ಸಾಬರು, ಬೆರಳು ತೆಗೆಯದೆ.
ಬೈಯಲಿಲ್ಲ. ಸ್ಪ್ಯಾನರಿಗೆ ಕೈ ಚಾಚಿದರು.
ಮುಚ್ಚಳ ಎತ್ತುವಾಗ ಫೈಬರ್ ವಾಷರು ಜಾರಿ
ಆಲೂಗಡ್ಡೆ ಚೀಲಗಳ ಸಂದಿಗೆ ಬಿತ್ತು.
ಹುಡುಕಲು ಇಬ್ಬರೂ ಬಗ್ಗಿದೆವು.